ಡಾಸಪ್ಪನವರು

ಹಳೆಯ ಗಣಕದ ಆಟಗಳನ್ನು ಹೊಸ ಗಣಕದಲ್ಲಿ ಓಡಿಸಿಯೇ ತೀರುವೆವೆಂಬ ದೀಕ್ಷೆ ತೊಟ್ಟ ಮಹನೀಯರು ಇಂದು ಪ್ರತಿಯೊಂದು ಊರಿನಲ್ಲಿಯೂ ಒಬ್ಬಿಬ್ಬರಾದರೂ ದೊರೆಯುತ್ತಾರೆ. ವಯಸ್ಸು ನಲವತ್ತೈದರ ಆಚೀಚೆ, ಮೇಜಿನ ಡ್ರಾಯರಿನಲ್ಲಿ ಬೂಷ್ಟು ಹಿಡಿದ ಫ್ಲಾಪಿಗಳು, ಮಾತುಮಾತಿಗೆ ‘ನಮ್ಮ ಕಾಲದಲ್ಲಿ’ ಎಂಬ ಪಲ್ಲವಿ, ಇವು ಅವರ ಸಾಮಾನ್ಯ ಲಕ್ಷಣಗಳು. ನಮ್ಮ ಕೆಂಗಲ್ಲಿನಲ್ಲಿ ಈ ಪಂಥಕ್ಕೆ ಸೇರಿದವರನ್ನು ಜನ ಡಾಸಪ್ಪನವರೆಂದು ಕರೆಯುತ್ತಾರೆ. ತಂದೆತಾಯಿಗಳಿಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ.

ಆಂಜನೇಯಸ್ವಾಮಿಯ ಗುಡಿಗೆ ಅನತಿದೂರದಲ್ಲಿ, ಹಳೆಯ ಮೈಸೂರು ರಸ್ತೆಯ ಮಗ್ಗುಲಿಗೆ, ಅವರದೊಂದು ಜೆರಾಕ್ಸ್ ಅಂಗಡಿ. 2023ರಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ರಾಮನಗರ ಚನ್ನಪಟ್ಟಣಗಳೆರಡನ್ನೂ ಬಳಸಿಕೊಂಡು ಹೋದಮೇಲೆ, ಈ ರಸ್ತೆಯ ವ್ಯಾಪಾರಿಗಳೆಲ್ಲ ತಲೆಯ ಮೇಲೆ ಕೈ ಹೊತ್ತು ಕುಳಿತಿರಲು, ಡಾಸಪ್ಪನವರೊಬ್ಬರೇ ತಮ್ಮ ಸಾಧನೆಗೆ ಬೇಕಾದ ಏಕಾಂತವನ್ನು ಸರ್ಕಾರವೇ ಒದಗಿಸಿತೆಂದು ಸಂತೋಷಪಟ್ಟರು. ಸಂಕ್ರಾಂತಿಯ ಸುಮಾರಿಗೆ ದನಗಳ ಜಾತ್ರೆ ಕೂಡಿದಾಗ ಮಾತ್ರ ಈ ಏಕಾಂತಕ್ಕೆ ಕೊಂಚ ಭಂಗ.

ಅವರ ಆರಾಧ್ಯಕೃತಿ ‘ಪ್ರಿನ್ಸ್ ಆಫ್ ಪರ್ಷಿಯಾ’. ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣನು ತನ್ನ ತಮ್ಮನನ್ನು ಓಡಿಸಿ, ನೆಗೆಸಿ, ಆ ಚಲನೆಗಳನ್ನು ಕ್ಯಾಮೆರಾದಲ್ಲಿ ಹಿಡಿದು, ಅವುಗಳ ಮೇಲೆ ಒಂದೊಂದೇ ಗೆರೆ ತಿದ್ದಿ, 1989ರಲ್ಲಿ ಹೊರತಂದ ಈ ಆಟದಲ್ಲಿ, 60 ನಿಮಿಷಗಳೊಳಗೆ ರಾಜಕುಮಾರಿಯನ್ನು ದುಷ್ಟಮಂತ್ರಿಯ ಸೆರೆಯಿಂದ ಬಿಡಿಸಬೇಕು. ಮೊದಲನೆಯ ಹಂತವನ್ನು ದಾಟಿದೊಡನೆ ಅಕ್ಷರ ಹೊತ್ತ ಪಾನಕಗಳ ಒಂದು ಕೋಣೆ. ಯಾವ ಅಕ್ಷರದ ಪಾನಕವನ್ನು ಕುಡಿಯಬೇಕೆಂಬುದು ಆಟವನ್ನು ಹಣ ಕೊಟ್ಟು ಕೊಂಡವರ ಕೈಪಿಡಿಯಲ್ಲಿ ಮಾತ್ರ ದೊರೆಯುತ್ತದೆ. ಡಾಸಪ್ಪನವರದು ಸ್ನೇಹಿತರಿಂದ ನಕಲು ಮಾಡಿಕೊಂಡ ಫ್ಲಾಪಿ. ಕೈಪಿಡಿಯ ಮುಖವನ್ನೇ ಕಂಡವರಲ್ಲ. ಆದಕಾರಣ ಆ ರಾಜಕುಮಾರಿ ಇವರ ಯೌವನದಿಂದ ಇಂದಿನವರೆಗೂ ಸೆರೆಯಲ್ಲಿಯೇ ಇದ್ದಾಳೆ. ಆಕೆಯ ವಿಷಯದಲ್ಲಿ ಅವರಿಗೆ ವಿಶೇಷ ವ್ಯಥೆಯೂ ಇದ್ದಂತಿಲ್ಲ. ಅವರ ವ್ಯಥೆಯೆಲ್ಲ ಆಟ ತೆರೆದುಕೊಳ್ಳುವವರೆಗಿನದು.

ಆ ವ್ಯಥೆಯಾದರೋ ಅಪಾರವಾದುದು. 16 ಬಿಟ್ಟಿನ ಯುಗದಲ್ಲಿ ರಚಿತವಾದ ಪ್ರೋಗ್ರಾಮುಗಳನ್ನು 64 ಬಿಟ್ಟಿನ ವಿಂಡೋಸ್ ಒಳಕ್ಕೇ ಸೇರಿಸುವುದಿಲ್ಲ. ವಿಂಡೋಸ್ 11 ಬಂದುದೇ 64ರ ರೂಪದಲ್ಲಾದುದರಿಂದ, ಅದುವರೆಗೆ ತೆರೆದಿದ್ದ ಹಿತ್ತಲ ಬಾಗಿಲೂ ಮುಚ್ಚಿಹೋಯಿತು. ಉಳಿದ ಗತಿಯೆಂದರೆ 2002ರಲ್ಲಿ ಅವತರಿಸಿದ ಡಾಸ್‌ಬಾಕ್ಸ್; ಅದು ಹೊಸ ಗಣಕದ ಉದರದಲ್ಲಿ ಹಳೆಯ ಗಣಕವೊಂದರ ವೇಷ ಹಾಕಿ ಕುಳಿತು, ಕಾಲ ಸರಿದಿಲ್ಲವೆಂದು ಆಟವನ್ನು ನಂಬಿಸುತ್ತದೆ. ಆದರೆ ವೇಷಕ್ಕೆ ವೇಗವನ್ನು ಹೊಂದಿಸಬೇಕಷ್ಟೆ. ಗಡಿಯಾರವನ್ನು ನೋಡದೆ ಪ್ರೊಸೆಸರಿನ ಗತಿಯನ್ನೇ ನಂಬಿದ ಕೆಲವು ಆಟಗಳಲ್ಲಿ, ವೇಗ ಹೆಚ್ಚಾದರೆ, ಆಡುವವನು ಕೀಲಿಯ ಮೇಲೆ ಬೆರಳಿಡುವ ಮುನ್ನವೇ ನಾಯಕನು ವೀರಸ್ವರ್ಗವನ್ನು ಸೇರಿರುತ್ತಾನೆ. ಕಂಟ್ರೋಲಿನೊಡನೆ ಎಫ್ 11 ಒತ್ತಿ ತಗ್ಗಿಸಬೇಕು, ಎಫ್ 12 ಒತ್ತಿ ಏರಿಸಬೇಕು. ವೇಗ ಕುದುರಿದರೆ ಧ್ವನಿ ಕೈಕೊಡುತ್ತದೆ: ಸೌಂಡ್ ಬ್ಲಾಸ್ಟರ್ ಕಾರ್ಡಿನ ಇಂಟರಪ್ಟ್ 5 ಎನ್ನಬೇಕೋ 7 ಎನ್ನಬೇಕೋ ಎಂಬ ಜಿಜ್ಞಾಸೆಯಲ್ಲಿ ಡಾಸಪ್ಪನವರು ಒಂದಿಡೀ ಶ್ರಾವಣಮಾಸವನ್ನು ಕಳೆದುದುಂಟು.

ಆ ಶ್ರಾವಣದಲ್ಲಿಯೇ ಒಂದು ದಿನ ಪಹಣಿಗೆಂದು ಬಂದ ಮುದುಕರೊಬ್ಬರು, ಬೆಂಚಿನ ಮೇಲೆ ಬಹಳ ಹೊತ್ತು ಕುಳಿತು, ಕಡೆಗೆ ಕೇಳಿದರು:

“ಏನಪ್ಪಾ, ಪಾಣಿ ಬತ್ತಾ?”

“ವಸಿ ತಡಿ ದೊಡ್ಡಪ್ಪ, ಸಬ್ದ ಬರ್ತಾ ಇಲ್ಲ.”

“ಅಲ್ಲ ಕಣ್ಲಾ, ಪಾಣಿಗೆ ಸಬ್ದ ಯಾಕ್ಲಾ ಬೇಕು?”

ಡಾಸಪ್ಪನವರು ತಿರುಗಿ ನೋಡಲಿಲ್ಲ.

ಮನೆಯಲ್ಲಿಯೂ ಅವರಿಗೆ ಶಿಷ್ಯಸಂಪತ್ತಿಲ್ಲ. ಮಗನನ್ನು ಕೂರಿಸಿ ಆಟವನ್ನು ತೋರಿಸಿದರೆ, ಅವನು ಪರದೆಯನ್ನು ಬೆರಳಿನಿಂದ ತೀಡಿ, “ಅಪ್ಪಾ, ಇದು ಕೆಟ್ಟೋಗಿದೆ” ಎಂದು ಎದ್ದುಹೋದನು. ಪಕ್ಕದಲ್ಲಿ ಗೊಂಬೆಯ ಅಂಗಡಿಯಿಟ್ಟಿರುವ ಚನ್ನಪಟ್ಟಣದ ಕಸುಬುದಾರರು ಇನ್ನೂ ನಿರ್ದಯರು. ಆಲೆಮರವನ್ನು ಕಡೆದು, ಅರಗಿನ ಬಣ್ಣವೇರಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟ ಬುಗುರಿಯೊಂದನ್ನು ಡಾಸಪ್ಪನವರ ಮೇಜಿನ ಮೇಲೆಯೇ ತಿರುಗಿಸಿ ಬಿಟ್ಟು, “ನಮ್ಮಜ್ಜನ ಕಾಲದ ಬುಗುರಿ ಸ್ವಾಮಿ, ಗಾರೆ ನೆಲ ಹೋಗಿ ಗ್ರಾನೈಟ್ ಬಂದ್ರೂ ತಿರುಗ್ತಾ ಐತೆ” ಎಂದರು. ಇದಕ್ಕೆ ಡಾಸಪ್ಪನವರು ಕೊಟ್ಟ ಉತ್ತರ ತೀರ ತಾಂತ್ರಿಕವಾದುದರಿಂದ ಇಲ್ಲಿ ಬರೆಯುವಂತಿಲ್ಲ.

ನನಗೆ ವಿಸ್ಮಯವಾಗುವುದು ಇವರ ಪರಿಶ್ರಮವಲ್ಲ, ವೈರಾಗ್ಯ. ವಾರಗಟ್ಟಲೆ ನಿದ್ದೆಗೆಟ್ಟು, ಚಿತ್ರ ಧ್ವನಿ ವೇಗಗಳನ್ನು ಹದಕ್ಕೆ ತಂದು, ರಾಜಕುಮಾರನು ಸೆರೆಮನೆಯ ಬಾಗಿಲ ಬಳಿ ನಿಂತು ಉಸಿರು ಬಿಡುವಷ್ಟರಲ್ಲಿ, ಡಾಸಪ್ಪನವರು ತೃಪ್ತಿಯಿಂದ ಕನ್ನಡಕವನ್ನು ಒರಸಿಕೊಂಡು ಆಟವನ್ನು ಮುಚ್ಚಿಬಿಡುತ್ತಾರೆ. ಒಡನೆಯೇ, ಅದಕ್ಕಿಂತಲೂ ಮೊಂಡಾದ ಇನ್ನೊಂದು ಆಟವನ್ನು ಹುಡುಕತೊಡಗುತ್ತಾರೆ. ಈಚೆಗೆ ಹೊಸ ಲ್ಯಾಪ್‌ಟಾಪ್ ಕೊಳ್ಳಲೆಂದು ಬೆಂಗಳೂರಿಗೆ ಹೋದವರು, ಅಂಗಡಿಯ ಹುಡುಗನನ್ನು ಮೊದಲು ಕೇಳಿದ್ದೇ ಹಳೆಯ ಆಟಗಳ ವಿಷಯವನ್ನು. “ಏನೂ ತೊಂದ್ರೆ ಇಲ್ಲ ಸಾರ್, ಎಲ್ಲಾ ನಾವೇ ಹಾಕ್ಕೊಡ್ತೀವಿ, ನೀವು ಒತ್ತಿದ್ರೆ ಸಾಕು” ಎಂದನಂತೆ ಆತ.

“ಒತ್ತಿದ್ರೆ ಸಾಕಾ?” ಎಂದು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡು, ಡಾಸಪ್ಪನವರು ದುಡ್ಡನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹಿಂದಿರುಗಿದರು.