ಅಡಿಕೆ ಮನೆಗಳ ಹಿರಿಯರಿಗೊಂದು ಬಹಿರಂಗ ಪತ್ರ



ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಗೆ ಸಿಗುವ ತಪಾಸಣೆ ನಮ್ಮ ಬಾಯಿಗೆ ಸಿಗುವುದಿಲ್ಲ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬೇರ್ಪಡಿಸಿ, ಅಂಗೈಯಲ್ಲಿ ಹೊರಳಿಸಿ ನೋಡಿ, ಚೂರು ಬೂಷ್ಟು ಕಂಡರೂ ಪಕ್ಕಕ್ಕಿಡುವವರು ನೀವು. ಅದೇ ಅಡಿಕೆ ಹೋಗಿ ಸೇರುವ ಬಾಯನ್ನು ಮಾತ್ರ ನೋವು ಕಾಣಿಸುವವರೆಗೆ ಯಾರೂ ತೆರೆದು ನೋಡುವುದಿಲ್ಲ. ಅದಕ್ಕಾಗಿಯೇ ಈ ಪತ್ರ.

ಅಡಿಕೆ ನಮ್ಮ ಅನ್ನ, ನಿಜ. ಮಕ್ಕಳ ಓದು, ಮದುವೆ, ಮನೆ ಎಲ್ಲಕ್ಕೂ ಅದೇ ಆಧಾರ. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ನಿಂತು, ಕಬ್ಬಿಣದ ಕಾರ್ಖಾನೆ ಸೊರಗಿದ ಮೇಲೆ ತೋಟದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗಿದೆ. ಹಾಗೆಂದು ಅದರ ಕೆಡುಕನ್ನು ಮನೆಯಲ್ಲೇ ಮುಚ್ಚಿಟ್ಟರೆ, ಅದರ ನಷ್ಟ ಅನುಭವಿಸುವವರೂ ನಮ್ಮ ಮಕ್ಕಳೇ.

‘ಹೊಗೆಸೊಪ್ಪು ಹಾಕದಿದ್ದರೆ ಏನೂ ಆಗಲ್ಲ’ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ, ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಘೋಷಿಸಿದೆ. ಅದೇ ಸಂಸ್ಥೆಯ ಲೆಕ್ಕದಲ್ಲಿ, 2022ರಲ್ಲಿ ಜಗತ್ತಿನಲ್ಲಿ ಕಂಡ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1.2 ಲಕ್ಷಕ್ಕೆ ಜಗಿಯುವ ತಂಬಾಕು ಮತ್ತು ಅಡಿಕೆ ಕಾರಣ. ಅದರಲ್ಲಿ 83 ಸಾವಿರ ನಮ್ಮ ದೇಶದ್ದೇ.

ಕ್ಯಾನ್ಸರಿಗೆ ಮೊದಲೇ ಬರುವ ಕಾಯಿಲೆ ಇನ್ನೊಂದಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಕೆನ್ನೆಯ ಒಳಪದರದಲ್ಲಿ ನಾರು ಬೆಳೆಸುತ್ತದೆ. ಮೊದಮೊದಲು ಖಾರ ತಿಂದರೆ ಉರಿ, ಆಮೇಲೆ ಒಳಗೆಲ್ಲ ಬಿಳಿಚಿಕೊಂಡು ಬಿಗಿತ. ಬರುಬರುತ್ತಾ ತುತ್ತು ಇಡಲೂ ಬಾಯಿ ತೆರೆಯುವುದಿಲ್ಲ. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಹೀಗೆ ಬಿಗಿದ ಬಾಯಿ ಮೊದಲಿನಂತಾಗುವುದು ಕಷ್ಟ; ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು.

ಅಜ್ಜ ಊಟವಾದ ಮೇಲೆ ಒಂದು ಸಲ ಎಲೆಅಡಿಕೆ ಹಾಕುತ್ತಿದ್ದರು. ಮೊಮ್ಮಗ ಬೆಳಗಿನಿಂದ ರಾತ್ರಿಯವರೆಗೆ ಪ್ಯಾಕೆಟ್ ಹರಿಯುತ್ತಾನೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆ ಒಂದು ಪ್ಯಾಕೆಟ್ಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಎರಡನ್ನೂ ಕೊಂಡು ಬೆರೆಸಿಕೊಂಡರೆ ಮತ್ತೆ ಅದೇ ಗುಟ್ಕಾ.

ಎಲೆಅಡಿಕೆಯಿಂದ ಹಲ್ಲು ಗಟ್ಟಿ ಎಂಬ ನಂಬಿಕೆಯನ್ನೂ ಬಿಡೋಣ. ಕೆಂಪು ಕರೆಯ ಕೆಳಗೆ ಗಾರೆ ಕಟ್ಟಿ ಒಸಡು ಸರಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಒಸಡಿನ ರೋಗ ಬೇಗ ಹಿಡಿಯುತ್ತದೆ. ಒಸಡು ಕೆಟ್ಟರೆ ಸಕ್ಕರೆಯೂ ಸುಲಭವಾಗಿ ಹತೋಟಿಗೆ ಬರುವುದಿಲ್ಲ. ಹಲ್ಲು ಕಾಯುವ ಜೊಲ್ಲು ನಿದ್ದೆಯಲ್ಲಿ ಕಡಿಮೆಯಾಗುವುದರಿಂದ ರಾತ್ರಿ ಹಲ್ಲುಜ್ಜುವುದನ್ನು ಯಾವತ್ತೂ ತಪ್ಪಿಸಬಾರದು. ಇದ್ದಿಲು, ಉಪ್ಪು ಬಿಟ್ಟು ಫ್ಲೋರೈಡ್ ಇರುವ ಪೇಸ್ಟ್ ಬಳಸಿ. ಉಜ್ಜಿದ ಮೇಲೆ ನೊರೆ ಉಗಿದರೆ ಸಾಕು, ಚೊಂಬುಗಟ್ಟಲೆ ನೀರು ಮುಕ್ಕಳಿಸಬೇಡಿ. ಆರು ವರ್ಷದ ಹೊತ್ತಿಗೆ ಮಗುವಿಗೆ ಹಾಲುಹಲ್ಲುಗಳ ಹಿಂದೆ ಬರುವ ದವಡೆ ಹಲ್ಲು ಶಾಶ್ವತ ಹಲ್ಲು. ‘ಹೇಗೂ ಬಿದ್ದುಹೋಗುತ್ತೆ’ ಎಂದು ಅದನ್ನು ಹುಳುಕಾಗಲು ಬಿಟ್ಟರೆ ಮತ್ತೊಂದು ಹುಟ್ಟುವುದಿಲ್ಲ.

ಇನ್ನು ನಿಮ್ಮಲ್ಲಿ ನನ್ನ ಬೇಡಿಕೆ. ತಿಂಗಳಿಗೊಮ್ಮೆ ಒಳ್ಳೆ ಬೆಳಕಿನಲ್ಲಿ ಕನ್ನಡಿ ಹಿಡಿದು ಕೆನ್ನೆಯ ಒಳಭಾಗ, ನಾಲಿಗೆಯ ಎರಡು ಬದಿ, ನಾಲಿಗೆಯ ಅಡಿ, ಒಸಡು ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಒಂದರ ಮೇಲೊಂದು ಜೋಡಿಸಿದ ಮೂರು ಬೆರಳು ಬಾಯೊಳಗೆ ಹೋಗದಿದ್ದರೆ ತಡಮಾಡಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ದಂತವೈದ್ಯರ ಬಳಿಗೋ ಹೋಗಿ ತೋರಿಸಿ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ನೋವಿಗೆ ಕಾದರೆ ಕಾಲ ಮೀರಿರುತ್ತದೆ.

ತಾಂಬೂಲ ಕೊಡುವುದು ನಮ್ಮ ಮರ್ಯಾದೆ, ಅದು ಇರಲಿ. ತೆಗೆದುಕೊಂಡವರು ಅದನ್ನು ಜಗಿಯಲೇಬೇಕೆಂಬ ನಿಯಮ ಯಾವ ಶಾಸ್ತ್ರದಲ್ಲೂ ಬೇಡ. ಮದುವೆ ಮನೆಯಲ್ಲಿ ಹುಡುಗರಿಗೆ ‘ಒಂದು ಹಾಕ್ಕೋ, ಏನಾಗಲ್ಲ’ ಎನ್ನುವವರನ್ನು ತಡೆಯುವ ಅಧಿಕಾರ ಹಿರಿಯರಾದ ನಿಮಗಿದೆ. ಮನೆಯಲ್ಲಿ ಪ್ಯಾಕೆಟ್ ಹರಿಯುವ ಮಗನಿದ್ದರೆ ಬೈಯಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಬಾಯಿ ತೋರಿಸಲು ಹೇಳಿ. ಅವನು ಹಿಂದೇಟು ಹಾಕಿದರೆ, ಮೊದಲು ನಿಮ್ಮ ಬಾಯಿ ತೆರೆದು ಅವನಿಗೆ ತೋರಿಸಿ.

ಇಂತಿ,
ಅಡಿಕೆಯ ದುಡ್ಡಿನಲ್ಲೇ ಓದಿ ಬೆಳೆದ ನಿಮ್ಮೂರಿನವ