ಮದಿವಿ ಫೋಟೋ ಯಾವಾಗ ಬರ್ತಾವು: ಮುಳವಾಡ ಸೀಮೆಯ ಒಂದು ಗ್ರಂಥಸಂಪಾದನಾ ಸಮಸ್ಯೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಹಬ್ಬಿರುವ ಮುಳವಾಡ ಸೀಮೆಯಲ್ಲಿ ಕಾಲಗಣನೆಗೆ ಎರಡು ಕ್ರಮಗಳುಂಟು. ಒಂದು ಶಾಲಿವಾಹನ ಶಕೆ. ಇನ್ನೊಂದು 'ಫೋಟೋ ಬರೂಕಿಂತ ಮದ್ಲ' ಮತ್ತು 'ಫೋಟೋ ಬಂದ ಮ್ಯಾಲ'. ಮೊದಲನೆಯದರ ಬಗ್ಗೆ ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ಎರಡನೆಯದನ್ನು ಚೆನ್ನಾಗಿ ಬಲ್ಲವರೆಲ್ಲ ಮಗಳ ಮದುವೆ ಮಾಡಿ ಹಣ್ಣಾದವರು. ಪ್ರಬಂಧ ಬರೆಯುವ ತ್ರಾಣ ಅವರಲ್ಲಿ ಉಳಿದಿಲ್ಲ. ಆದ್ದರಿಂದ ಆ ಭಾರವನ್ನು ಪ್ರಸ್ತುತ ಲೇಖಕನೇ ಹೊತ್ತಿದ್ದಾನೆ. ಕ್ಷೇತ್ರಕಾರ್ಯವೆಲ್ಲ ಹಂದರದ ಕೆಳಗೆ, ಹೆಚ್ಚಾಗಿ ಎರಡನೇ ಪಂಕ್ತಿಯಲ್ಲಿ ನಡೆದಿದೆ.

ಫೋಟೋ ತಡ ಮಾಡುವುದು ಈಗಿನ ಹುಡುಗರು ತಂದ ಚಾಳಿ ಎಂಬ ಲೋಕಾಭಿಪ್ರಾಯವನ್ನು ಮೊದಲು ಖಂಡಿಸಬೇಕು. 1855ರಲ್ಲಿ ಮುಂಬಯಿ ಸರಕಾರ ತನ್ನ ಫಿರಂಗಿ ದಳದ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನು ವಿಜಾಪುರಕ್ಕೆ ಬಂದ, ತೆಗೆದ, ವರ್ಷದ ಕೊನೆಗೆ ದಂಡಿಗೆ ವಾಪಸು ಹೋದ. ಅವನ ಮತ್ತು ಮೇಜರ್ ಲಾಕ್ ಎಂಬವನ ಚಿತ್ರಗಳನ್ನು ಸೇರಿಸಿ ವಿಜಾಪುರದ ವಾಸ್ತುಶಿಲ್ಪದ ದೊಡ್ಡ ಪುಸ್ತಕವೊಂದು ಲಂಡನ್ನಿನ ಜಾನ್ ಮರ್ರೆಯಿಂದ ಹೊರಬಂದದ್ದು 1866ರಲ್ಲಿ. ಅದಕ್ಕೆ ಚರಿತ್ರೆ ಬರೆದುಕೊಟ್ಟವನು ನಮ್ಮ ಸುರಪುರದಲ್ಲಿ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್. ಅಂದರೆ ಈ ಭಾಗದ ಮೊದಮೊದಲ ಆಲ್ಬಮ್ಮೇ ಗಿರಾಕಿಯ ಕೈಗೆ ಬರಲು ಹನ್ನೊಂದು ವರ್ಷ ಹಿಡಿಯಿತು. ಗಿರಾಕಿ ಸರಕಾರ, ಕೂತವು ಕಲ್ಲಿನ ಗುಮ್ಮಟಗಳು, ಕಾದವು. ಇದೇ ಪ್ರಮಾಣ ಹಿಡಿದರೆ ವೈಶಾಖದಲ್ಲಿ ಮದುವೆಯಾದವರ ಆಲ್ಬಮ್ ಬರುವ ಹೊತ್ತಿಗೆ ಮಗ ಐದನೇ ಈಯತ್ತೆಯಲ್ಲಿರಬೇಕು. ಕುಬಸದ ದಿನಕ್ಕೇ ಆಲ್ಬಮ್ ತಂದಿಳಿಸುವ ನಮ್ಮ ತಾಲ್ಲೂಕಿನ ಫೋಟೋಗ್ರಾಫರನನ್ನು ಬೈಯುವವರು ಚರಿತ್ರೆ ಓದಿಕೊಂಡವರಲ್ಲ.

ಇನ್ನು ಪಾಠದ ವಿಚಾರ. ಮದುವೆಯ ಚಿತ್ರಕ್ಕೆ ಮೂಲಪ್ರತಿಯೆಂದರೆ 'ರಾ' ಫೈಲು. ಅದು ಮಠದ ಗೂಟಕ್ಕೆ ಕಟ್ಟಿದ ಓಲೆಗಂಟಿನಂತೆ ಸ್ಟುಡಿಯೋದ ಹಾರ್ಡ್‌ಡಿಸ್ಕಿನಲ್ಲಿರುತ್ತದೆ. ಯಾರಿಗೂ ಕೊಡುವ ರೂಢಿಯಿಲ್ಲ. ಅದರಿಂದ ತಿದ್ದಿ, ಮದುಮಗನ ಮೊಡವೆ ಅಳಿಸಿ, ಹಿರಿಯರ ಬಣ್ಣವನ್ನು ಅವರೇ ಗುರುತು ಹಿಡಿಯದಷ್ಟು ತಿಳಿ ಮಾಡಿ ತೆಗೆದದ್ದು ಜೆಪೆಗ್ ಪಾಠ. ಇದು 'ಫೈನಲ್' ಎಂಬ ಫೋಲ್ಡರಿನಲ್ಲಿ ದೊರೆಯುತ್ತದೆ. ಆದರೆ 'ಫೈನಲ್ 2' ಮತ್ತು 'ಫೈನಲ್ ಖರೇ' ಎಂಬ ಶಾಖೆಗಳೂ ಉಪಲಬ್ಧವಿರುವುದರಿಂದ ಯಾವುದು ಕವಿಹೃದಯ ಎಂಬುದು ವಿವಾದಾಸ್ಪದ. ಮೂರನೆಯದು ವಾಟ್ಸಾಪ್ ಪಾಠ. ಅದನ್ನು ನಿಸ್ಸಂದೇಹವಾಗಿ ಭ್ರಷ್ಟಪಾಠವೆನ್ನಬೇಕು. ಸುಮ್ಮನೆ ಫೋಟೋ ಎಂದು ಕಳಿಸಿದರೆ ವಾಟ್ಸಾಪು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ. ಬಂದದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಮತ್ತೆ ಕಳಿಸಿದರೆ ಇನ್ನಷ್ಟು ಸವೆಯುತ್ತದೆ. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದ್ದು ಏಳು ಸಲ ಕೇಳುತ್ತದೆಂದು ಹೇಳುತ್ತಾರಲ್ಲ, ಆ ಏಳನೇ ಧ್ವನಿಯಂಥ ಫೋಟೋವನ್ನೇ ಸೋದರತ್ತೆ ಮೂರು ಅಡಿಯ ಫ್ರೇಮು ಹಾಕಿಸಲು ಒಯ್ದಿರುತ್ತಾಳೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಮಾಡಿ ಕಳಿಸಿದ್ದರೆ ಒಂದು ಚುಕ್ಕೆಯೂ ಕಳೆಯುತ್ತಿರಲಿಲ್ಲ. ಆದರೆ ಡಾಕ್ಯುಮೆಂಟ್ ಎಂದರೆ ನಮ್ಮಲ್ಲಿ ಪಹಣಿ. ಮದುಮಗಳನ್ನು ಪಹಣಿಯಲ್ಲಿ ಹುಡುಕಲು ಯಾರೂ ಹೋಗುವುದಿಲ್ಲ.

ವಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗರಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು. ಗೆದ್ದಲು ತಿಂದಿತ್ತು, ಹೊಗೆ ಹಿಡಿದಿತ್ತು, ಆದರೂ ಓದಲು ಒಂದು ದೀಪ ಮತ್ತು ಒಂದು ಜೊತೆ ಕಣ್ಣು ಸಾಕಿತ್ತು. ಅವರು ಇಂದು ನಮ್ಮ ಮನೆಗಳ ಟ್ರಂಕು ತೆಗೆಸಿದ್ದರೆ? ರೇಷ್ಮೆ ಸೀರೆಯ ಮಡಿಕೆಯಲ್ಲಿ 4.7 ಜಿಬಿಯ ಡಿವಿಡಿ, ಅದರ ಮೇಲೆ ಹೃದಯದ ಚಿತ್ರ, ಒಳಗೆ ಅಕ್ಕಿಕಾಳು ಬಿದ್ದ ಹೊತ್ತು. ಅದನ್ನು ಆಡಿಸುವ ಪ್ಲೇಯರು ಓಣಿಯಲ್ಲೇ ಇಲ್ಲ. ಪೆನ್‌ಡ್ರೈವ್ ಬಂದಾಗ ಮೋಕ್ಷವೆಂದುಕೊಂಡೆವು. ಅದನ್ನು ಫ್ಯಾಟ್32 ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಒಳಗೆ ಹೋಗುವುದೇ ಇಲ್ಲ. ಆದ್ದರಿಂದ ವಿಡಿಯೋವನ್ನು ಕಡಿದು ಹಾಕುತ್ತಾರೆ. ಸುರಗಿ ಒಂದು ತುಂಡಿನಲ್ಲಿ, ತಾಳಿ ಇನ್ನೊಂದರಲ್ಲಿ, ನಡುವೆ ಬ್ಯಾಂಡಿನವರ ಅರ್ಧ ಹಾಡು.

ಸಂಖ್ಯಾಶಾಸ್ತ್ರಕ್ಕೂ ಒಂದು ಮಾತು ಸಲ್ಲಬೇಕು. ರೀಲಿನ ಕಾಲದಲ್ಲಿ ಒಂದು ರೀಲಿಗೆ 36 ಫೋಟೋ, ಆದ್ದರಿಂದ ಜಗಳಕ್ಕೂ 36ರ ಮಿತಿಯಿತ್ತು. ಈಗ ಸಾವಿರಗಟ್ಟಲೆ ತೆಗೆದು, ಅದರಲ್ಲಿ ಆಲ್ಬಮ್ಮಿಗೆ ಬೇಕಾದವನ್ನು ಆರಿಸಿ ನಂಬರು ಬರೆದುಕೊಡಿ ಅನ್ನುತ್ತಾರೆ. ಇದಕ್ಕೆ 'ಸೆಲೆಕ್ಷನ್' ಎಂದು ಹೆಸರು, ಮತ್ತು ಫೋಟೋಗ್ರಾಫರನ ಪೂರ್ವಪಕ್ಷವೆಲ್ಲ ನಿಂತಿರುವುದು ಇದರ ಮೇಲೆ: "ನಂದೇನ್ ತಪ್ಪೈತ್ರಿ ಕಾಕಾರ, ಸೆಲೆಕ್ಷನ್ ನೀವ ಕೊಟ್ಟಿಲ್ಲ." ಮಾತು ಸತ್ಯ. ಒಂದು ಫೋಟೋ ಬಿಟ್ಟರೆ ಒಬ್ಬ ಬೀಗರು ಬಿಟ್ಟಂತೆ. ಯಾವ ತಂದೆ ತಾನೆ ಪೆನ್ನು ಎತ್ತಿಯಾನು? ಕಡೆಗೆ ಲಗ್ನಪತ್ರಿಕೆಯ ಹಿಂಬದಿಗೆ ನಂಬರು ಬರೆದು ಕಳಿಸುತ್ತಾರೆ. ಕ್ಯಾಮೆರಾದ ನಂಬರು 9999 ಮುಟ್ಟಿ ಮತ್ತೆ 0001ರಿಂದ ಶುರುವಾಗಿರುತ್ತದೆಂಬುದು ಅವರಿಗೆ ತಿಳಿಯದು. ಹೀಗೆ ಆಲ್ಬಮ್ಮೊಂದರಲ್ಲಿ 1565ನೇ ನಂಬರಿನ ಜಾಗಕ್ಕೆ ಬೇರೆ ಊರಿನ ಮದುಮಗ ಬಂದು ಕೂತ ಪ್ರಕರಣ ಲೇಖಕನ ಗಮನಕ್ಕೆ ಬಂದಿದೆ. ತಾಳಿಕೋಟೆಯ ಹೆಸರಿನ ಯುದ್ಧ ನಡೆದ ಇಸವಿಯೂ ಅದೇ. ಇದು ಕಾಕತಾಳೀಯವೆಂದು ವಾದಿಸುವವರು ಆ ಮನೆಯ ಪಡಸಾಲೆಯಲ್ಲಿ ಅಂದು ಇರಲಿಲ್ಲ.

ಈಗ ಲಿಂಕಿನ ಯುಗ. ಫೋಟೋಗಳು ಕ್ಲೌಡಿನಲ್ಲಿ, ಅಂದರೆ ಮೋಡದಲ್ಲಿ ಇರುತ್ತವೆ. ಮಳೆನೆರಳಿನ ಈ ನಾಡಿಗೆ ಇದಕ್ಕಿಂತ ಕ್ರೂರವಾದ ಪರಿಭಾಷೆಯನ್ನು ಯಾರಾದರೂ ಹುಡುಕಿ ತೋರಿಸಲಿ. ಮೋಡವನ್ನು ನಂಬಿ ಕೆಟ್ಟವರೆಂದೇ ಅಲ್ಲವೆ ನಮಗೆ ಮುಳವಾಡ ಏತ ನೀರಾವರಿ ಮಾಡಿಕೊಟ್ಟದ್ದು? ಅಂದಹಾಗೆ ಎರಡೂ ವ್ಯವಸ್ಥೆ ಒಂದೇ. ಅಲ್ಲಿ ಆಲಮಟ್ಟಿಯ ಹಿನ್ನೀರನ್ನು ಹಂತಹಂತವಾಗಿ ಎತ್ತುತ್ತಾರೆ, ಇಲ್ಲಿ ರಾತ್ರಿಯೆಲ್ಲ ಅಪ್‌ಲೋಡ್ ಮಾಡುತ್ತಾರೆ. ಎರಡರಲ್ಲೂ ಕಾಲುವೆಯ ಕೊನೆಯವನಿಗೆ ಹನಿ ಬಂದಾಗ ನಿಜ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್ ಎಂದು ಇಲ್ಲಿನ ಶಾಲೆಯ ಹುಡುಗರೂ ಹೇಳುತ್ತಾರೆ. ಗೂಗಲ್ ಡ್ರೈವಿನ ಪುಕ್ಕಟೆ ಮಟ್ಟ 15 ಜಿಬಿ. ಅದು ತುಂಬಿತೆಂದರೆ 26 ಗೇಟುಗಳನ್ನೂ ಎತ್ತಿದಂತೆ ಹಳೆಯ ಮದುವೆಗಳನ್ನು ಹೊರಬಿಡಬೇಕು. ನಾಗರ ಪಂಚಮಿಗೆ ತವರಿಗೆ ಬಂದ ಮಗಳು ತಂದೆಯ ಫೋನಿನಲ್ಲಿ ಲಿಂಕು ಒತ್ತಿದ ದಿನದ ಸಂವಾದವನ್ನು ಮೂಲದಲ್ಲಿದ್ದಂತೆ ಕೊಡಲಾಗಿದೆ.

"ತಮ್ಮಾ, ಒತ್ತಿದ್ರ ಅದೇನೋ ಪರ್ಮಿಷನ್ ಕೇಳಾಕತ್ತೈತಲ್ಲೋ."

"ಹೌದ್ರಿ ಕಾಕಾರ, ರಿಕ್ವೆಸ್ಟ್ ಕಳಸ್ರಿ, ನಾ ಪರ್ಮಿಷನ್ ಕೊಡ್ತೀನ್ರಿ."

"ನನ್ನ ಮಗಳ ಮದಿವಿ ನಾ ನೋಡಾಕ ನೀ ಪರ್ಮಿಷನ್ ಕೊಡಾಂವೇನು?"

"ಹಂಗಲ್ರಿ ಕಾಕಾರ... ಆ ಬಾಕಿದ್ದೊಂದು..."

ಬಾಕಿ ಎಂಬ ಪದ ಇಲ್ಲಿ ಅಕಸ್ಮಾತ್ತಾಗಿ ಬಂದದ್ದಲ್ಲ. ಈ ಶಾಸ್ತ್ರದ ತಿರುಳೇ ಅದು. ಬಾಕಿ ಕೊಟ್ಟ ಮೇಲೆ ಫೋಟೋ ಎಂದು ಒಬ್ಬ, ಫೋಟೋ ಕೊಟ್ಟ ಮೇಲೆ ಬಾಕಿ ಎಂದು ಇನ್ನೊಬ್ಬ. ತರ್ಕದವರು ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ, ಸ್ಟುಡಿಯೋದವರು ಧಂದೆ ಎನ್ನುತ್ತಾರೆ. ಕಾನೂನು ಕಾಕಾರ ಕಡೆಗಿದೆ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ಹೇಳಿ ತೆಗೆಸಿದವನೇ ಫೋಟೋದ ಮೊದಲ ಒಡೆಯ. ಆದರೆ ಕಾಯ್ದೆ ಬರೆದವರು ನಮ್ಮ ಮದುವೆ ಕಂಡವರಲ್ಲ. ಫೋಟೋದವನಿಗೆ ಹೇಳಿದ್ದು ಸೋದರಮಾವ. ಮುಂಗಡ ಕೊಟ್ಟದ್ದು ಹುಡುಗಿಯ ತಂದೆ. ಡ್ರೋನು ಬೇಕೆಂದದ್ದು ಹುಡುಗನ ಗೆಳೆಯರು. ಡ್ರೋನಿನ ಹಣ ಇನ್ನೂ ಗಾಳಿಯಲ್ಲಿದೆ. ಒಡೆಯನಾರು?

ಇಷ್ಟು ಪ್ರಮಾಣಗಳಿಂದ 'ಮುಳವಾಡ ಸೀಮೆಯಲ್ಲಿ ಯಾವ ಫೋಟೋವೂ ವರ್ಷದೊಳಗೆ ಬಾರದು' ಎಂಬ ಸಿದ್ಧಾಂತವನ್ನು ಲೇಖಕ ಸ್ಥಾಪಿಸಿ ಅಚ್ಚಿಗೆ ಕಳಿಸುವವನಿದ್ದ. ಅಷ್ಟರಲ್ಲಿ ಅದೇ ಕಾಕಾರ ಮನೆಯ ಮುತ್ಯಾ ತೀರಿಕೊಂಡರು. ಎಂಬತ್ತು ದಾಟಿದ ಜೀವ; ಸ್ಟುಡಿಯೋದಲ್ಲಿ ಒಮ್ಮೆಯೂ ಕೂತವರಲ್ಲ. ಗೋಡೆಗೆ ಹಾಕಲು ಒಂದು ಫೋಟೋ ಇಲ್ಲ. ಪೆನ್‌ಡ್ರೈವ್ ಹಾಕಿದರೆ ಟಿವಿ ಓದಲಿಲ್ಲ, ಲಿಂಕು ಸತ್ತಿತ್ತು. ಕಾಕಾ ನಾಚಿಕೊಂಡೇ ಫೋನು ಮಾಡಿದರು. ಫೋಟೋದ ಹುಡುಗ ಆ ರಾತ್ರಿ ಹಾರ್ಡ್‌ಡಿಸ್ಕು ತೆಗೆದು, ಗೂಟದ ಗಂಟು ಬಿಚ್ಚಿ, ಹಂದರದ ಕಂಬಕ್ಕೆ ಆನಿಕೊಂಡು ಕೂತಿದ್ದ ಮುತ್ಯಾನನ್ನು ಹುಡುಕಿದ. ಸುತ್ತಲಿನವರನ್ನೆಲ್ಲ ಅಳಿಸಿ ಹಿಂದೆ ನೀಲಿ ಬಣ್ಣ ಕೊಟ್ಟ. ಪಟಗಾ ಮಾತ್ರ ಸರಿಮಾಡಲು ಹೋಗಲಿಲ್ಲ. ಅವರು ಯಾವಾಗಲೂ ಹಾಗೇ ಸುತ್ತುತ್ತಿದ್ದರು. ಬೆಳಿಗ್ಗೆ ಫ್ರೇಮು ಹಾಕಿಸಿ, ಬೈಕಿನ ಮುಂದೆ ಇಟ್ಟುಕೊಂಡು ತಾನೇ ತಂದುಕೊಟ್ಟ. ಬಾಕಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಸಿದ್ಧಾಂತಕ್ಕೆ ಧಕ್ಕೆಯಾದುದು ನಿಜ. ಆದರೂ ವಿದ್ವಾಂಸರಿಗೆ ಒಂದು ಕೆಲಸ ಉಳಿದಿದೆ. ಚಿತ್ರದ ಎಡಮೂಲೆಯಲ್ಲಿ, ನೀಲಿಯೊಳಗೆ, ಅಳಿಸಲು ಮರೆತ ಒಂದು ಮೊಣಕೈ ಕಾಣುತ್ತದೆ. ಶಿವಗಣಾರಾಧನೆಯ ದಿನ ಊಟಕ್ಕೆ ಬಂದವರಲ್ಲಿ ಕೆಲವರು ಅದು ಇಂಡಿಯ ಬೀಗರದೆಂದರು, ಇನ್ನು ಕೆಲವರು ಅನ್ನ ಬಡಿಸುತ್ತಿದ್ದವನದೆಂದರು. ಅಂಗಿಯ ತೋಳಿಗೆ ಸಾರಿನ ಕಲೆ ಇರುವುದರಿಂದ ಲೇಖಕನ ಒಲವು ಎರಡನೆಯ ಪಕ್ಷದ ಕಡೆಗಿದೆ.