ನಮ್ಮದು ಸ್ವಲ್ಪ ಡಿಫರೆಂಟು!

ಮದುವೆ ಗೊತ್ತಾದ ಯಾವ ಜೋಡಿಯನ್ನಾದರೂ ಮಾತಾಡಿಸಿ ನೋಡಿ. ‘ಎಲ್ಲರ ಥರ ಅಲ್ಲ, ನಮ್ಮದು ಸ್ವಲ್ಪ ಡಿಫರೆಂಟಾಗಿರುತ್ತೆ’ ಅನ್ನುತ್ತಾರೆ. ಎಲ್ಲರೂ ಅದನ್ನೇ ಅನ್ನುತ್ತಾರೆ. ಅಂದಮೇಲೆ ಎಲ್ಲರೂ ಪ್ರೀ ವೆಡ್ಡಿಂಗ್ ಶೂಟಿಗೆಂದು ನಂದಿಬೆಟ್ಟಕ್ಕೋ, ಶ್ರೀರಂಗಪಟ್ಟಣದ ಹೊಳೆದಂಡೆಗೋ, ಮರವಂತೆಯ ಮರಳಿಗೋ ಹೊರಡುತ್ತಾರೆ. ಹುಡುಗಿ ನೆಲ ಗುಡಿಸುವಷ್ಟು ಉದ್ದದ ಕೆಂಪು ಗೌನು ತೊಟ್ಟು ಬಂಡೆ ಹತ್ತುತ್ತಾಳೆ. ಅದರ ತುದಿಯನ್ನು ಗಾಳಿಗೆ ಹಾರಿಸಲೆಂದೇ ಸಂಬಳದ ಹುಡುಗನೊಬ್ಬ ಬಂಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ಮೇಲೆ ಡ್ರೋನು ಗುಂಯ್‌ಗುಡುತ್ತದೆ. ಹುಡುಗ ಆಕಾಶ ನೋಡಬೇಕು, ಹುಡುಗಿ ಹುಡುಗನನ್ನು ನೋಡಬೇಕು, ಖರ್ಚು ಕೊಟ್ಟ ಅಪ್ಪ ಕಾರಿನಲ್ಲಿ ಕೂತು ಗಡಿಯಾರ ನೋಡಬೇಕು.

ಆಮೇಲೆ ಹ್ಯಾಷ್‌ಟ್ಯಾಗು. ಇಬ್ಬರ ಹೆಸರನ್ನೂ ಕತ್ತರಿಸಿ ಒಂದಕ್ಕೊಂದು ಹೊಲಿಯುವ ಕೆಲಸ. ನಮ್ಮ ಬೀದಿಯಲ್ಲೊಬ್ಬ ರಾಘವೇಂದ್ರ ತನ್ನ ‘ರಾ’ಗೆ ಕ್ಷಮಾಳ ‘ಕ್ಷ’ ಸೇರಿಸಿ ಎಲ್ಲರಿಗೂ ಕಳಿಸಿಬಿಟ್ಟ. ‘ಸ’ ಒಂದು ಸಾಲದೇ ಹೋಯಿತು, ಇಲ್ಲದಿದ್ದರೆ ಎಂಟು ಬಗೆಯ ವಿವಾಹಗಳಲ್ಲಿ ಅವನದು ಯಾವುದೆಂದು ಪುರೋಹಿತರೇ ಹೇಳಿಬಿಡುತ್ತಿದ್ದರು.

ಡಿಫರೆಂಟಿನ ಹಟ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯ ಭರಮಸಾಗರವೇ ಸಾಕ್ಷಿ. 2024ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯ ಗುತ್ತಿಗೆ ವೈದ್ಯರೊಬ್ಬರು ಆಪರೇಷನ್ ಥಿಯೇಟರಿನಲ್ಲೇ ಪ್ರೀ ವೆಡ್ಡಿಂಗ್ ಶೂಟ್ ಮಾಡಿಸಿದರು. ಮೇಜಿನ ಮೇಲೆ ಸುಳ್ಳು ರೋಗಿ, ಈಚೆ ಶಸ್ತ್ರಚಿಕಿತ್ಸೆ ನಡೆಸುವ ವರ, ಪಕ್ಕದಲ್ಲಿ ಸಲಕರಣೆ ಕೊಡುವ ವಧು. ಕೊನೆಗೆ ರೋಗಿ ನಗುತ್ತಾ ಎದ್ದು ಕೂತ. ವಿಡಿಯೊ ಊರೂರು ಸುತ್ತಿತು, ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರವರೆಗೂ ಹೋಯಿತು, ವೈದ್ಯರ ಕೆಲಸವೂ ಹೋಯಿತು. ಅವರವರ ವೃತ್ತಿಯೇ ಥೀಮ್ ಆಗಬೇಕೆಂಬ ಈ ಫ್ಯಾಷನ್ನು ಹೀಗೇ ಮುಂದುವರಿದರೆ ಲೈನ್‌ಮನ್‌ಗಳ ಮದುವೆಯನ್ನು ನೆನೆದು ನನಗೆ ಎದೆ ಹೊಡೆದುಕೊಳ್ಳುತ್ತದೆ.

ಲಗ್ನಪತ್ರಿಕೆಯ ಮಾತಂತೂ ಬೇಡ. ಆಧಾರ್ ಕಾರ್ಡಿನ ಮಾದರಿ ಬಂದಾಯಿತು, ಪ್ರಶ್ನೆಪತ್ರಿಕೆಯ ಮಾದರಿ ಬಂದಾಯಿತು. 2016ರ ನವೆಂಬರಿನಲ್ಲಿ, ದೇಶವೆಲ್ಲ ಎಟಿಎಮ್ಮಿನ ಮುಂದೆ ಸಾಲು ನಿಂತಿದ್ದಾಗ ನಡೆದ ಮಾಜಿ ಸಚಿವ ಜನಾರ್ದನ ರೆಡ್ಡಿಯವರ ಮಗಳ ಮದುವೆಯ ಪತ್ರಿಕೆ ಒಂದು ಪೆಟ್ಟಿಗೆ. ಮುಚ್ಚಳ ತೆರೆದರೆ ಒಳಗಿನ ಪರದೆಯಲ್ಲಿ ಮನೆಮಂದಿಯೆಲ್ಲ ಹಾಡಿಗೆ ತುಟಿಯಾಡಿಸುತ್ತಾ ಕರೆಯುತ್ತಿದ್ದರು. ಅರಮನೆ ಮೈದಾನದಲ್ಲಿ ಹಂಪಿಯ ವಿಜಯ ವಿಠಲ ದೇಗುಲದ್ದೇ ಸೆಟ್ಟು. ಆ ಎತ್ತರಕ್ಕೆ ಹಾರಲಾರದ ನಮ್ಮಂಥವರು ಪತ್ರಿಕೆಯ ತಳದಲ್ಲಿ ‘ನಮ್ಮ ಚಿಕ್ಕಮ್ಮನ ಮದುವೆಗೆ ತಪ್ಪದೇ ಬನ್ನಿ’ ಎಂದು ಮನೆಯ ಚಿಳ್ಳೆಪಿಳ್ಳೆಗಳ ಹೆಸರು ಹಾಕಿಸುತ್ತಿದ್ದೆವು. ಒಂದು ಮಗುವಿನ ಹೆಸರು ಬಿಟ್ಟರೂ ಅದರ ತಾಯಿ ಮದುವೆ ಮುಗಿಯುವವರೆಗೆ ಮುಖ ಊದಿಸಿಕೊಂಡಿರುತ್ತಿದ್ದಳು. ಅದಕ್ಕಿಂತ ಖಾಸಾ ಪತ್ರಿಕೆ ಇನ್ನೆಲ್ಲಿ ಬರಬೇಕು?

ಇದೆಲ್ಲ ನನಗ್ಯಾಕೆ ಅಂತೀರಾ? ತಂಗಿಯ ಮಗಳ ಮದುವೆ. ಸೋದರಮಾವ ಎಂಬ ಹುದ್ದೆಯಿಂದಾಗಿ ವೆಡ್ಡಿಂಗ್ ಪ್ಲಾನರ್ ಜತೆಗಿನ ಮಾತುಕತೆಗೆ ನನಗೂ ಕುರ್ಚಿ ಸಿಕ್ಕಿತು. ಬಂದ ಹುಡುಗ ಲ್ಯಾಪ್‌ಟಾಪ್ ತೆರೆದು, ‘ಸಾರ್, ನಿಮ್ಮ ಫ್ಯಾಮಿಲಿಗೇ ಅಂತ ಕಸ್ಟಮ್ ಮಾಡಿರೋ ಕಾನ್ಸೆಪ್ಟು, ಹಳ್ಳಿ ಸೊಗಡು’ ಅಂದ. ಏಸಿ ಹಾಲಿನೊಳಗೆ ಎತ್ತಿನ ಗಾಡಿಯ ಚಕ್ರ, ಹುಲ್ಲಿನ ಪೆಂಡಿ, ಲಾಟೀನು, ಮೊರ. ಪಕ್ಕದಲ್ಲಿ ಕೂತಿದ್ದ ನಮ್ಮಮ್ಮ ಕನ್ನಡಕ ಏರಿಸಿ ನೋಡಿದರು. ‘ಇದನ್ನೆಲ್ಲ ಬಿಟ್ಟುಬರೋಕೆ ಅಂತಲೇ ಕಣಪ್ಪಾ ನಾವು ಊರು ಬಿಟ್ಟಿದ್ದು. ಅದಕ್ಕೆ ಮತ್ತೆ ಬಾಡಿಗೆ ಬೇರೆಯಾ?’

‘ಅಜ್ಜಿ, ನೀವು ಸುಮ್ನಿರಿ. ಹಲ್ದಿಗೆ ಎಲ್ಲರೂ ಹಳದಿ ಡ್ರೆಸ್ಸು, ಗೊತ್ತಾಯ್ತಾ?’ ಅಂದಳು ಸೊಸೆಮುದ್ದು. ಹಿಂದೆ ಅರಿಶಿನ ಎಣ್ಣೆಯ ಶಾಸ್ತ್ರಕ್ಕೆ ಹಳೆಯ ಸೀರೆ ಉಡಿಸುತ್ತಿದ್ದರು, ಕಲೆ ಆಗುತ್ತದೆ ಅಂತ. ಈಗ ಹೊಸ ಹಳದಿ ಲೆಹೆಂಗಾ ತೊಡಿಸುತ್ತಾರೆ, ಕಲೆ ಆಗುತ್ತದೆ ಅಂತ ಅರಿಶಿನವನ್ನೇ ದೂರ ಇಡುತ್ತಾರೆ. ಕೆನ್ನೆಗೆ ಒಂದು ಬೊಟ್ಟು, ಅದೂ ಕ್ಯಾಮೆರಾದವನು ಹೂಂ ಅಂದಾಗ. ಕಾಶಿಯಾತ್ರೆಯದೂ ಇದೇ ಕತೆ. ಕೊಡೆ, ಕೋಲು ಹಿಡಿದು ವೈರಾಗ್ಯದಲ್ಲಿ ಹೊರಟ ವರನನ್ನು ತಡೆದು ಕರೆತರುವ ಹಕ್ಕು ಹೆಣ್ಣಿನ ಕಡೆಯವರದು. ನಾನು ಕಂಡ ಮದುವೆಯೊಂದರಲ್ಲಿ ಹುಡುಗನನ್ನು ‘ಲೈಟ್ ಸರಿಯಿಲ್ಲ ಸಾರ್’ ಎಂದು ಮತ್ತೆಮತ್ತೆ ವಾಪಸು ಕರೆದದ್ದು ಫೋಟೋಗ್ರಾಫರು. ಅಷ್ಟು ಸಲ ಹೊರಟಿದ್ದಕ್ಕೆ ಅವನು ನಿಜವಾಗಿಯೂ ಕಾಶಿ ಮುಟ್ಟಿರಬೇಕಿತ್ತು.

ಈ ಫೋಟೋದ ವಿಚಾರದಲ್ಲಿ ಸ್ವಲ್ಪ ಹುಷಾರಾಗಿರಿ ಅಂತ ನನ್ನ ಸಲಹೆ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ಸಪ್ತಪದಿ ಇರುವ ಮದುವೆ ಪೂರ್ಣವಾಗುವುದು ಏಳನೇ ಹೆಜ್ಜೆ ಇಟ್ಟ ಮೇಲೆ. 2024ರ ಏಪ್ರಿಲ್‌ನಲ್ಲಿ, ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇನ್ನೂ ಬಿಡಿಸಿ ಹೇಳಿತು: ಹಿಂದೂ ವಿವಾಹವೆಂದರೆ ಹಾಡಿ ಕುಣಿದು ತಿಂದು ಕುಡಿಯುವ ಸಂದರ್ಭವಷ್ಟೇ ಅಲ್ಲ, ವಿಧಿ ನಡೆಯದೆ ಬರಿಯ ನೋಂದಣಿ ಪತ್ರ ತೋರಿಸಿದರೆ ಮದುವೆ ಆದಂತಲ್ಲ. ನಮ್ಮ ಪ್ಲಾನರನ ಪಟ್ಟಿಯಲ್ಲಿ ಸಂಗೀತಕ್ಕೆ ನಾಲ್ಕು ಗಂಟೆ, ಸಪ್ತಪದಿಗೆ ಹತ್ತು ನಿಮಿಷ. ಅದರಲ್ಲೂ ಏಳನೇ ಹೆಜ್ಜೆ ಇಡುವಾಗ ‘ಮೇಡಂ, ಒಂದ್ಸಲ ಹಿಂದಕ್ಕೆ ಬನ್ನಿ’ ಎಂದರೆ ಆ ಮದುವೆ ಎಷ್ಟಕ್ಕೆ ಇಳಿಯುತ್ತದೋ ವಕೀಲರನ್ನೇ ಕೇಳಬೇಕು.

ವಧೂವರರೇ ಪ್ರಮಾಣವಚನ ಬರೆದುಕೊಂಡು ಓದುತ್ತಾರಂತೆ, ಅದು ಹೊಸ ಟ್ರೆಂಡಂತೆ. ಆಗಲಿ, ಒಳ್ಳೆಯದೇ. ಆದರೆ ಪುರೋಹಿತರು, ಮುಹೂರ್ತ, ಆಡಂಬರ ಯಾವುದೂ ಬೇಡ, ಗಂಡುಹೆಣ್ಣು ಅರ್ಥ ತಿಳಿದು ಮಾತು ಕೊಡಲಿ ಎಂದು ಕುವೆಂಪು ಮಂತ್ರಮಾಂಗಲ್ಯ ರೂಪಿಸಿ, 1966ರಲ್ಲಿ ಮಗ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಹಾಗೇ ಮಾಡಿಸಿದರಲ್ಲ! ಈಗ ಅದಕ್ಕೂ ಡ್ರೋನು ಬಂದಿದೆ ಅನ್ನುವುದು ಬೇರೆ ಮಾತು.

ನನ್ನ ತಕರಾರು ಖರ್ಚಿನದ್ದಲ್ಲ, ಹೊಸತನದ್ದೂ ಅಲ್ಲ. ಹುಡುಗಿಯ ಬಾಲ್ಯ ಗೊತ್ತಿಲ್ಲದವನು, ಹುಡುಗನ ಊರು ನೋಡದವನು ‘ನಿಮಗಾಗಿಯೇ’ ಎಂದು ತರುವ ಸಾಮಾನು ನಿನ್ನೆ ಇನ್ನೊಬ್ಬರಿಗಾಗಿಯೇ ಇದ್ದದ್ದು. ಚಕ್ರಕ್ಕೆ ಅಂಟಿದ ಹೂವಿನ ಎಸಳು ಕೂಡ ಉದುರಿರುವುದಿಲ್ಲ. ಮದುವೆ ನಿಮ್ಮದೇ ಆಗಬೇಕಾದರೆ ನಿಮ್ಮ ಬಂಡವಾಳ ಬಲ್ಲವರು ಬಾಯಿ ಬಿಡಬೇಕು. ಬೀಗರ ಹಾಡು ಇದ್ದದ್ದೇ ಅದಕ್ಕೆ. ಗಂಡಿನ ಕಡೆಯವರು ಪಂಕ್ತಿಯಲ್ಲಿ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಬೀಗಿತ್ತಿಯ ಮೂಗು, ಬೀಗರ ಹೊಟ್ಟೆ, ಭಾವಮೈದ ಮುಚ್ಚಿಟ್ಟ ಲಾಡು ಎಲ್ಲವನ್ನೂ ಹೆಸರು ಹಿಡಿದು ಹಾಡುತ್ತಿದ್ದರು. ಬೈಸಿಕೊಂಡವರು ಬೇಜಾರಾಗುವಂತಿಲ್ಲ, ಬಿಟ್ಟುಹೋದವರು ಬೇಜಾರಾಗುತ್ತಿದ್ದರು. ಉರುಟಣೆಯಲ್ಲಿ ಹೊಸ ಜೋಡಿಯನ್ನು ಎದುರುಬದುರು ಕೂರಿಸಿ ಆಡಿಸುವವರೂ ಇಂಥ ಬಾಯಾಳಿಗಳೇ.

ಕೊಡಗಿಗೆ ಹೋಗಿ ನೋಡಿ. ಕೊಡವರ ಮದುವೆಗೆ ಪುರೋಹಿತರೇ ಬೇಡ. ಗಂಗಾಪೂಜೆಯಲ್ಲಿ ಮದುವಣಗಿತ್ತಿ ಬಾವಿಯ ನೀರು ಹೊತ್ತು ಬರುವಾಗ ಗಂಡಿನ ನೆಂಟರು ವಾಲಗಕ್ಕೆ ಕುಣಿಯುತ್ತಾ ದಾರಿಗೆ ಅಡ್ಡ ನಿಲ್ಲುತ್ತಾರೆ, ಗಂಟೆಗಟ್ಟಲೆ. ‘ಬ್ರೈಡಲ್ ಎಂಟ್ರಿ’ಗೆ ಹೊಗೆ ಬಿಡಿಸುವವರು ಆ ಹುಡುಗಿಯ ಕಾಲುನೋವು ಕಂಡು ಕಲಿಯಬೇಕು.

ಅಲಂಕಾರ ಬೇಕೇ? ಸಾಗರದ ಕಡೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಅದರ ಮುಂದೆಯೇ ಮದುಮಕ್ಕಳು ಕೂರುವುದು. ಥರ್ಮಾಕೋಲಿನ ನವಿಲಿಗೆ ಕೊಡುವ ದುಡ್ಡನ್ನು ಆ ಕೈಗಳಿಗೆ ಕೊಟ್ಟು ಕರೆಸಬಹುದು. ಲೈವ್ ಕೌಂಟರ್ ಬೇಕೇ? ಪಾಸ್ತಾ ತಿನ್ನಲು ಯಾರೂ ಮುಯ್ಯಿ ಕವರ್ ಹಿಡಿದು ಬರುವುದಿಲ್ಲ. ಶಿರಸಿ ಸೀಮೆಯವರನ್ನು ಕರೆಸಿ, ಬೋರಲು ಹಾಕಿದ ಮಡಕೆಯ ಮೇಲೆ ಕಬ್ಬಿನ ಹಾಲು ಬೆರೆಸಿದ ಅಕ್ಕಿಹಿಟ್ಟು ಸವರಿ ಕಾಗದದಷ್ಟು ತೆಳ್ಳಗಿನ ತೊಡದೇವು ಎಬ್ಬಿಸಿಸಿ. ಜನ ವೇದಿಕೆಯ ಕಡೆ ಬೆನ್ನು ಹಾಕಿ ನಿಲ್ಲದಿದ್ದರೆ ಕೇಳಿ.

ವಧೂವರರು ಇಲ್ಲದಿದ್ದರೂ ಆರತಕ್ಷತೆ ನಡೆಯುತ್ತದೆ ಎಂಬುದನ್ನು ಹುಬ್ಬಳ್ಳಿಯವರು ಆಗಲೇ ತೋರಿಸಿಕೊಟ್ಟಿದ್ದಾರೆ. 2025ರ ಡಿಸೆಂಬರ್‌ನಲ್ಲಿ ವಿಮಾನಗಳು ರದ್ದಾಗಿ ನವದಂಪತಿ ಭುವನೇಶ್ವರದಲ್ಲೇ ಉಳಿದಾಗ ವೇದಿಕೆಯ ಕುರ್ಚಿಯಲ್ಲಿ ಹುಡುಗಿಯ ಅಪ್ಪ ಅಮ್ಮ ಕೂತರು, ಜೋಡಿ ಪರದೆಯಲ್ಲಿ ಕೈಮುಗಿಯಿತು, ನೆಂಟರು ಊಟ ಮಾಡಿದರು. ಯಾರ ಪ್ಲಾನೂ ಅಲ್ಲ, ನಿಜವಾಗಿ ಡಿಫರೆಂಟಾದ ಆರತಕ್ಷತೆ ಅಂದರೆ ಅದೊಂದೇ.

ಇಷ್ಟೆಲ್ಲ ಹೇಳಿದರೂ ನಮ್ಮ ಹುಡುಗಿ ‘ಮಾಮ, ನೀವು ತುಂಬಾ ಹಳೇ ಕಾಲ’ ಅಂದು ಚಕ್ರ, ಲಾಟೀನು ಎಲ್ಲ ಹಾಕಿಸಿಯೇ ಹಾಕಿಸಿದಳು. ಆದರೆ ಗಂಡಿನವರು ಧಾರವಾಡದ ಕಡೆಯವರು. ಮನೆ ತುಂಬಿಸಿಕೊಳ್ಳುವಾಗ ಹುಡುಗನ ಅಜ್ಜಿ ಹೊಸ್ತಿಲಲ್ಲಿ ಅಡ್ಡ ನಿಂತು, ‘ಒಡಪು ಹಾಕಿ ಗಂಡನ ಹೆಸರು ಹೇಳವ್ವಾ, ಆಮ್ಯಾಲ ಒಳಗ ಬಾ’ ಅಂದರು. ಮೈಸೂರಿನ ನಮ್ಮ ಹುಡುಗಿ ಕಂಗಾಲು. ಅಜ್ಜಿಯೇ ಕಿವಿಯಲ್ಲಿ ಪಿಸುಗುಟ್ಟಿದರು. ಅವಳು ತಡವರಿಸುತ್ತಾ ಹೇಳಿದಳು: ‘ಎರಿ ಹೊಲದಾಗ ಬಿತ್ಯಾರ ಕಡ್ಲಿ, ಲ್ಯಾಪ್‌ಟಾಪ್ ಮುಚ್ಚದ ಆನಂದರಾಯರನ್ನ ಬಿಟ್ಟು ಊಟಕ್ಕ ಹೆಂಗ ಕೂಡ್ಲಿ!’ ಎರಡೂ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆನಂದ ನಿಜವಾಗಿಯೂ ಅದೇ ಬೆಳಗ್ಗೆ, ಬಾಸಿಂಗ ಕಟ್ಟಿಸಿಕೊಂಡ ಮೇಲೂ ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದ.

ಪ್ಲಾನರ್ ಹುಡುಗ ನನ್ನನ್ನು ಪಕ್ಕಕ್ಕೆ ಕರೆದ. ‘ಸಾರ್, ಇದು ಸೂಪರ್. ಮುಂದಿನ ಎಲ್ಲ ಪ್ಯಾಕೇಜಿಗೂ ಸೇರಿಸಿಬಿಡ್ತೀನಿ. ಬರುವ ವಾರ ಮಂಡ್ಯದಲ್ಲಿ ಒಂದಿದೆ. ಆ ಅಜ್ಜಿಯವರ ಒಂದು ದಿನದ ಚಾರ್ಜ್ ಎಷ್ಟಿರಬಹುದು?’